ಮೇಸ್ತ್ರಿಯ ಕೈ ಮತ್ತು ಸೇಬಿನ ಕೇಕು

ಎಲೆ ಉದುರುವ ಕಾಲ ಬಂತೆಂದರೆ ಕೆಳಗಿನ ಮನೆಯ ಬಾಗಿಲಿಗೆ ಒಂದು ಪೆಟ್ಟಿಗೆ ಸೇಬು ಬಂದು ಕೂರುತ್ತಿತ್ತು. ಮಹಡಿಯ ಮೇಲಿದ್ದ ಓನರಮ್ಮನ ಹಿತ್ತಲ ಮರದ ಹಣ್ಣು. ಚೆನ್ನಾಗಿರುವುದನ್ನೆಲ್ಲ ಆಕೆ ತನ್ನ ಮಕ್ಕಳ ಮನೆಗೆ ಕಳಿಸಿ, ಗಾಳಿಗೆ ಬಿದ್ದದ್ದು, ಪೆಟ್ಟಾದದ್ದು, ಹುಳ ಕಡಿದದ್ದನ್ನು ಬಾಡಿಗೆಯವರಿಗೆ ಇಳಿಸಿ, "ಮಕ್ಕಳು ತಿನ್ನಲಿ, ಪಾಪ" ಎನ್ನುತ್ತಿದ್ದಳು. ಈ ಔದಾರ್ಯಕ್ಕೆ ಪ್ರತಿಯಾಗಿ ಸೇಬಿನ ಕೇಕಿನ ದೊಡ್ಡ ಪಾಲು ಮಹಡಿ ಹತ್ತಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕೇಕು ನಾಲ್ಕು ದಿನ ತಡವಾದರೆ ನೀರಿನ ಮೋಟರು ಹಾಕುವುದು ಆಕೆಗೆ ಮರೆತುಹೋಗುತ್ತಿತ್ತು.

ಕೇಕು ಮಾಡುವುದು ಕೆಳಗಿನ ಮನೆಯ ಸೊಸೆಯ ಮಾವನ ಕೆಲಸ. ಬೇಕರಿಯ ಒಲೆಯ ಮುಂದೆ ಮೂವತ್ತೆಂಟು ವರ್ಷ ನಿಂತು ಬಂದವರು. ಬೀದಿಯವರಿಗೆಲ್ಲ ಅವರು ಮೇಸ್ತ್ರಿ. ಸಿಟ್ಟು ಬಂದಾಗ ಸ್ವಂತ ಮಗನೂ ಹಾಗೇ ಕರೆಯುತ್ತಿದ್ದ. ಅವರು ಯಾವುದನ್ನೂ ತೂಗುತ್ತಿರಲಿಲ್ಲ, ಗಡಿಯಾರ ನೋಡುತ್ತಿರಲಿಲ್ಲ. ಓವನ್ ಕಾದಿದೆಯೇ ಎಂದು ತಿಳಿಯಲು ಬರಿಗೈಯನ್ನು ಒಳಗೆ ಚಾಚಿ ಎಣಿಸುತ್ತಿದ್ದರು. ಐದಕ್ಕೆ ಕೈ ತಾಳದಿದ್ದರೆ ಬ್ರೆಡ್ಡಿಗೆ ಹದ, ಎಂಟಕ್ಕೆ ತಾಳದಿದ್ದರೆ ಕೇಕಿಗೆ ಹದ. ಓವನ್ನಿನ ನಾಬಿನ ಮೇಲೆ ಅಂಕಿಗಳಿವೆಯಲ್ಲ ಎಂದು ಯಾರಾದರೂ ತೋರಿಸಿದರೆ, ಅಂಕಿ ಬರೆದವನು ಕೇಕು ತಿನ್ನಲು ಬರುತ್ತಾನೇನು ಎಂದು ಕೇಳುತ್ತಿದ್ದರು.

ಸೊಸೆಗೆ ಈ ವರ್ಷ ಕೇಕಿನ ಮೇಲೆ ಮನಸ್ಸಿರಲಿಲ್ಲ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂಬತ್ತು ವರ್ಷ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಟ್ಟು ಕೊಟ್ಟು, ಈ ತಿಂಗಳ ಒಂದನೇ ತಾರೀಕಿನಿಂದ ಆ ವಿಭಾಗಕ್ಕೇ ಸೂಪರ್‌ವೈಸರ್ ಆಗಿದ್ದಳು. ಬೆಳಿಗ್ಗೆ ಏಳರಿಂದ ನಾಲ್ಕರವರೆಗೆ ಹದಿನಾಲ್ಕು ಹೆಂಗಸರು ಅವಳ ಮಾತು ಕೇಳಬೇಕು. ಮನೆಯಲ್ಲಿ ಮಾತ್ರ ಅವಳ ಮಾತು ಕೇಳುವವರ ಸಂಖ್ಯೆ ಮೊದಲಿನಷ್ಟೇ ಇತ್ತು. ಗಂಡ ಔಷಧಿ ಅಂಗಡಿಗಳಿಗೆ ಸರಕು ಹಾಕುವ ವ್ಯಾನಿನ ಡ್ರೈವರ್, ಬೆಳಗಿನ ಐದಕ್ಕೇ ಹೊರಡುತ್ತಿದ್ದ. ಹದಿಮೂರರ ದೊಡ್ಡ ಮಗಳು ಶಾಲೆಗೆ ಹೋದಮೇಲೆ ಎರಡೂವರೆ ವರ್ಷದ ಪುಟ್ಟಿಗೆ ಮೇಸ್ತ್ರಿಯೇ ಅಪ್ಪ, ಅಮ್ಮ, ಆಯಾ ಎಲ್ಲ. ಹಾಲು ಕುಡಿಸುವುದು, ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಲಗಿಸುವುದು ಎಲ್ಲವೂ ಅವರದೇ. ಆ ಒಬ್ಬ ಮುದುಕ ಗಟ್ಟಿಯಾಗಿದ್ದರೆ ಅವಳ ಸೂಪರ್‌ವೈಸರ್‌ಗಿರಿ ಗಟ್ಟಿ, ಇಲ್ಲವಾದರೆ ಒಂಬತ್ತು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಮೊದಲ ಕೇಕು ಒಂದು ಭಾನುವಾರ ಆಯಿತು. ಸೊಸೆ ಸೇಬಿನ ಕಂದಿದ ಭಾಗ ಕೆತ್ತಿ ತೆಗೆದು ಹೋಳು ಮಾಡಿಕೊಟ್ಟಳು, ದೊಡ್ಡವಳು ಮೊಟ್ಟೆ ಒಡೆದಳು, ಪುಟ್ಟಿ ಸಕ್ಕರೆ ಕದ್ದಳು. ಮೇಸ್ತ್ರಿ ಓವನ್ನಿನೊಳಗೆ ಕೈಯಿಟ್ಟು ಎಣಿಸಿದರು. ಎಂಟು ದಾಟಿತು, ಹನ್ನೆರಡಾಯಿತು. ಬೆಂಕಿ ಸಾಲದು ಎಂದು ನಾಬು ತಿರುಗಿಸಿದರು. ಮತ್ತೆ ಕೈಯಿಟ್ಟು, ಮತ್ತೆ ತಿರುಗಿಸಿದರು. ಅರ್ಧ ಗಂಟೆಯ ಮೇಲೆ ಹೊರಬಂದ ಕೇಕಿನ ನೆತ್ತಿ ಇದ್ದಿಲಾಗಿತ್ತು, ಚಾಕು ಹಾಕಿದರೆ ಹೊಟ್ಟೆಯಿಂದ ಹಸಿ ಹಿಟ್ಟು ಹರಿಯಿತು.

ಮೇಸ್ತ್ರಿಯ ಕೈಯಲ್ಲಿ ಕೇಕು ಕೆಟ್ಟದ್ದನ್ನು ಆ ಮನೆಯಲ್ಲಿ ಯಾರೂ ಕಂಡವರಲ್ಲ.

"ಸೇಬಲ್ಲಿ ನೀರು ಜಾಸ್ತಿ," ಎಂದರು ಅವರು.

"ನೀರು ಜಾಸ್ತಿ ಆದ್ರೆ ಮೇಲ್ಗಡೆ ಯಾಕೆ ಕರಕಲಾಗುತ್ತೆ ತಾತ?" ಎಂದು ದೊಡ್ಡವಳು ಕೇಳಿದಳು. ಅವಳಿಗೆ ಆಗ ಶಾಲೆಯಲ್ಲಿ ವಿಜ್ಞಾನ ತಲೆಗೆ ಹತ್ತುತ್ತಿತ್ತು.

"ನೀನು ನಲವತ್ತು ಸಾವಿರ ಕೇಕು ಮಾಡಿದ ಮೇಲೆ ಬಾ, ಹೇಳ್ತೀನಿ."

ಕರಕಲು ಹೆರೆದು, ಹಸಿಯನ್ನು ಕೆತ್ತಿ, ನಡುವೆ ಬಳೆಯಂತೆ ಉಳಿದದ್ದನ್ನು ಹಂಚಿಕೊಂಡು ತಿಂದರು. ಮೇಸ್ತ್ರಿ ತಿನ್ನಲಿಲ್ಲ. ಸಕ್ಕರೆ ಕಾಯಿಲೆಯವರಾದ್ದರಿಂದ ಯಾರೂ ಒತ್ತಾಯ ಮಾಡಲಿಲ್ಲ.

ಅದೇ ವಾರ ಪುಟ್ಟಿಗೆ ಮತ್ತೆ ನೆಗಡಿ ಹತ್ತಿತು. ಬೇಸಿಗೆ ಕಳೆದಾಗಿನಿಂದ ಇದು ನಾಲ್ಕನೆಯದು. ಮೂಗು ಸೋರುವುದು ನಿಂತರೆ ಕೆಮ್ಮು, ಕೆಮ್ಮು ನಿಂತರೆ ಮೂಗು. ಸೊಸೆ ಸಂಜೆ ಬಂದವಳೇ ಮಗುವಿನ ಅಂಗಾಲು ಮುಟ್ಟಿ ನೋಡಿದಳು, ತಣ್ಣಗಿತ್ತು. ಬಿಸಿ ಬಿಸಿಯಾಗಿ ಸ್ನಾನ ಮಾಡಿಸುತ್ತಿದ್ದೀರಾ ಎಂದು ಕೇಳಿದಳು. ಹದವಾಗಿ ಮಾಡಿಸುತ್ತಿದ್ದೇನೆ ಎಂದರು ಮೇಸ್ತ್ರಿ. ತಲೆ ಚೆನ್ನಾಗಿ ಒರೆಸುತ್ತೀರಾ ಎಂದಳು. ನಿನ್ನ ಗಂಡನ ತಲೆ ಒರೆಸಿ ಬೆಳೆಸಿದವನು ನಾನೇ ಎಂದರು. ಅವಳು ಸುಮ್ಮನಾದಳು.

ಸುಮ್ಮನಿರಲು ಬಿಟ್ಟವಳಲ್ಲ ಓನರಮ್ಮ. ಒಂದು ಸಂಜೆ ಮೆಟ್ಟಿಲ ಬಳಿ ಸೊಸೆಯನ್ನು ತಡೆದು, ಕೇಕಿನ ವಿಷಯ ಎತ್ತದೆ ಕೇಕಿನ ವಿಷಯವನ್ನೇ ಸುತ್ತು ಬಳಸಿ ಆಡಿದಮೇಲೆ, ದನಿ ತಗ್ಗಿಸಿದಳು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಮಗು ಬಚ್ಚಲಲ್ಲಿ ಕಿರುಚುವುದು ಮೇಲಿನವರೆಗೂ ಕೇಳುತ್ತದೆ. ಅದು ಹಟದ ಅಳುವಲ್ಲ. ನಾನು ಮೂರು ಮಕ್ಕಳನ್ನು ಹೆತ್ತವಳು, ನನಗೆ ಗೊತ್ತಾಗುತ್ತದೆ. ಹೀಗೆಂದು ಆಕೆ ಮೇಲೆ ಹೋದಳು.

ಆ ಮಾತು ಸೊಸೆಯ ಎದೆಯಲ್ಲಿ ಮುಳ್ಳಾಯಿತು. ಎರಡು ದಿನ ನುಂಗಿಕೊಂಡಳು. ಮೂರನೆಯ ದಿನ ಊಟದ ಹೊತ್ತಿಗೆ, ಮೇಸ್ತ್ರಿ ಕೈ ತೊಳೆದು ತಮ್ಮ ಕೋಣೆಗೆ ಹೋದ ಮೇಲೆ, ಗಂಡನಿಗೆ ಹೇಳಿದಳು.

ಗಂಡ ತಟ್ಟೆಯನ್ನು ಸರಿಸಿದ. "ನಮ್ಮಪ್ಪ ಮಗೂಗೆ ಹೊಡೀತಾರೆ ಅಂತೀಯಾ?"

"ಹೊಡೀತಾರೆ ಅನ್ನಲಿಲ್ಲ. ಯಾಕೆ ಕಿರುಚುತ್ತೆ ಅಂತ ಕೇಳ್ದೆ."

"ಯಾರನ್ನ ಕೇಳ್ತಿದ್ದೀಯ? ನಾನು ಒಂಬತ್ತು ಗಂಟೆಗೆ ಮನೇಲಿ ಇರ್ತೀನಾ?"

"ಇರಲ್ಲ. ನಾನೂ ಇರಲ್ಲ."

"ಹಾಗಾದ್ರೆ ಇರು," ಎಂದ ಗಂಡ. "ಬೆಳಿಗ್ಗೆ ಎದ್ದು ಸೂಪರ್‌ವೈಸರ್ ಅಂತ ಹೋಗೋದೂ ಬೇಕು, ಮನೇಲಿ ಇರೋರ ಮೇಲೆ ಅನುಮಾನಾನೂ ಬೇಕು ಅಂದ್ರೆ ಹೇಗೆ? ಅಕ್ಕ ಕರೀತಾನೇ ಇದಾಳೆ. ಅಪ್ಪನ್ನ ಅಲ್ಲಿಗೆ ಬಿಡ್ತೀನಿ. ಮಗೂನ ನೀನೇ ನೋಡ್ಕೋ."

ದೊಡ್ಡವಳು ತಲೆ ತಗ್ಗಿಸಿ ಉಪ್ಪಿನಕಾಯಿಯನ್ನು ತಟ್ಟೆಯ ಸುತ್ತ ಓಡಿಸುತ್ತಿದ್ದಳು. ಒಳಗಿನ ಕೋಣೆಯಲ್ಲಿ ಕೆಮ್ಮಿದ್ದು ಮೇಸ್ತ್ರಿಯೋ ಮಗುವೋ ತಿಳಿಯಲಿಲ್ಲ. ಗೋಡೆ ತೆಳು, ಇಲ್ಲಿನ ಮಾತೂ ಅಲ್ಲಿಗೆ ಕೇಳಿರಬೇಕು.

ಮರುವಾರ ಒಂದು ಸಂಜೆ ಸೊಸೆ ಮನೆಗೆ ಬಂದಾಗ ಕಿಟಕಿಗಳೆಲ್ಲ ತೆರೆದಿದ್ದವು. ಚಳಿಗಾಳಿ ಪರದೆಗಳನ್ನು ಎಳೆದಾಡುತ್ತಿತ್ತು, ಪುಟ್ಟಿ ಎರಡು ಸ್ವೆಟರ್ ತೊಟ್ಟು ಕೂತಿದ್ದಳು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಕಸದ ಬುಟ್ಟಿಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿಟ್ಟಿದ್ದ ಎರಡನೆಯ ಕೇಕು ಸಿಕ್ಕಿತು. ಮೇಸ್ತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಮಾಡಿ, ಯಾರಿಗೂ ಕಾಣದಂತೆ ಮುಚ್ಚಿಟ್ಟಿದ್ದರು. ಕದ್ದು ಸಿಹಿ ತಿಂದು ಸಿಕ್ಕಿಬಿದ್ದವರ ಮುಖವಿತ್ತು ಅವರದು. ಆದರೆ ಮಾತು ಮಾತ್ರ ಎಂದಿನ ಮೇಸ್ತ್ರಿಯದೇ. ಓವನ್ ಕೆಟ್ಟಿದೆ, ರಿಪೇರಿಯವನನ್ನು ಕರೆಸಿ ಎಂದರು.

ರಿಪೇರಿಯವನು ಬಂದ. ಅರ್ಧ ಗಂಟೆ ಓವನ್ನಿನೊಳಗೆ ತಲೆಯಿಟ್ಟುಕೊಂಡಿದ್ದು, ತನ್ನ ಥರ್ಮಾಮೀಟರ್ ಇಟ್ಟು ನೋಡಿ, ಹೊಸ ಓವನ್ನೂ ಇಷ್ಟು ಸರಿಯಾಗಿ ಕಾಯುವುದಿಲ್ಲ ಎಂದು ಹೇಳಿ ಹೋದ.

ರಾತ್ರಿ ಊಟಕ್ಕೆ ಕೂತಾಗ ಗಂಡ ನಗುತ್ತಲೇ ಅಂದ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ವಯಸ್ಸಾಯ್ತು ಮೇಸ್ತ್ರಿ, ಒಪ್ಕೋ."

ಮೇಸ್ತ್ರಿ ಎದ್ದು ಹೋದರು. ಮರುದಿನದಿಂದ ಊಟವನ್ನು ತಟ್ಟೆಗೆ ಹಾಕಿಸಿಕೊಂಡು ತಮ್ಮ ಕೋಣೆಯಲ್ಲಿ ತಿನ್ನತೊಡಗಿದರು. ಸೊಸೆಗೆ ಅವರ ಮೇಲೆ ಮರುಕವೂ ಆಯಿತು, ಕೋಪವೂ ಬಂತು. ಬೆಂಕಿ ಹಚ್ಚಿದ ಓವನ್, ಹೊಗೆ ತುಂಬಿದ ಮನೆ, ಅದರೊಳಗೆ ತನ್ನ ಮಗು. ಲಾಂಡ್ರಿಯಲ್ಲಿ ಯಂತ್ರದ ಮುಂದೆ ನಿಂತಾಗಲೂ ಅದೇ ಕಣ್ಣಿಗೆ ಕಟ್ಟುತ್ತಿತ್ತು. ಒಂದು ದಿನ ಶಸ್ತ್ರಚಿಕಿತ್ಸೆ ವಿಭಾಗದ ಹಸಿರು ಬಟ್ಟೆಗಳನ್ನು ಮಕ್ಕಳ ವಾರ್ಡಿನ ಗಾಡಿಗೆ ಹಾಕಿಸಿ, ಮ್ಯಾನೇಜರನಿಂದ ಎಲ್ಲರೆದುರು ಹೇಳಿಸಿಕೊಂಡಳು. ಹೊಸ ಸೂಪರ್‌ವೈಸರ್ ಇನ್ನೆಷ್ಟು ದಿನ ಎಂದು ಹದಿನಾಲ್ಕು ಹೆಂಗಸರಲ್ಲಿ ಕೆಲವರು ಲೆಕ್ಕ ಹಾಕುತ್ತಿದ್ದುದು ಅವಳಿಗೆ ಗೊತ್ತಿತ್ತು.

ಭಾನುವಾರ ಅವಳೇ ಮೇಸ್ತ್ರಿಯ ಕೋಣೆಯ ಬಾಗಿಲಲ್ಲಿ ನಿಂತಳು. ಸೇಬು ಕೊಳೆಯುತ್ತಿವೆ, ಓನರಮ್ಮ ಕೇಕು ನೆನಪಿಸುವಂತೆ ಎರಡು ಸಲ ಕೆಮ್ಮಿದಳು, ಬನ್ನಿ ಮಾವ, ಇವತ್ತು ಇಬ್ಬರೂ ಸೇರಿ ಮುಗಿಸಿಬಿಡೋಣ ಎಂದು ಕರೆದಳು. ಗಂಡ ಪುಟ್ಟಿಯನ್ನು ಹೊತ್ತುಕೊಂಡು ತರಕಾರಿ ತರಲು ಹೋಗಿದ್ದ. ಮೇಸ್ತ್ರಿ ತಡಮಾಡಲಿಲ್ಲ. ಕರೆಯುವುದನ್ನೇ ಕಾಯುತ್ತಿದ್ದವರಂತೆ ತೋಳು ಮಡಿಸುತ್ತ ಬಂದರು.

ಹಿಟ್ಟು ಕಲಸುವುದರಲ್ಲಿ ಒಂದು ತಪ್ಪೂ ಇರಲಿಲ್ಲ. ಬೆಣ್ಣೆ, ಸಕ್ಕರೆ, ಮೊಟ್ಟೆ, ಹಿಟ್ಟು, ಕಡೆಗೆ ಸೇಬು. ಅವರು ಎತ್ತಿದ ಸೌಟಿನಿಂದ ಹಿಟ್ಟು ಪಟ್ಟಿಯಂತೆ ಇಳಿಯಿತು. ಆಮೇಲೆ ಓವನ್ನಿನ ಬಾಗಿಲು ತೆರೆದು ಕೈ ಚಾಚಿದರು. ಸೊಸೆ ಪಕ್ಕದಲ್ಲೇ ಟ್ರೇ ಹಿಡಿದು ನಿಂತಿದ್ದಳು. ಒಂದು, ಎರಡು, ಮೂರು. ಐದಕ್ಕೆ ಅವಳ ಮುಖಕ್ಕೇ ಝಳ ಹೊಡೆಯಿತು. ಎಂಟಕ್ಕೂ ಅವರು ಕೈ ತೆಗೆಯಲಿಲ್ಲ. ಹತ್ತಕ್ಕೆ ಸುಟ್ಟ ಕೂದಲಿನ ವಾಸನೆ ಬಂತು. ಬಗ್ಗಿ ನೋಡಿದರೆ ಅವರ ಅಂಗೈಯ ಅಂಚು ಒಳಗಿನ ಕಾದ ಕಂಬಿಗೆ ಒತ್ತಿಕೊಂಡಿತ್ತು. ಅವರು ಹನ್ನೊಂದು ಎಂದರು.

ಟ್ರೇ ಪಕ್ಕಕ್ಕಿಟ್ಟು ಅವಳು ಆ ಮಣಿಕಟ್ಟನ್ನು ಹಿಡಿದು ಹೊರಗೆಳೆದಳು. ಓವನ್ ಆರಿಸಿ, ಅವರನ್ನು ನಲ್ಲಿಯ ಬಳಿಗೆ ನೂಕಿ, ಕೈಯನ್ನು ನೀರಿಗೆ ಹಿಡಿದಳು. ಇಸ್ತ್ರಿ ಯಂತ್ರದ ಬಳಿ ಅವಳು ಇಂಥ ಗಾಯ ಎಷ್ಟೋ ಕಂಡಿದ್ದಳು. ಬಿಳಿಚಿದ ಗೆರೆಯೊಂದು ಚರ್ಮದ ಮೇಲೆ ಎದ್ದಿತ್ತು. ಇಷ್ಟಕ್ಕೆ ಗಟ್ಟಿಗಿತ್ತಿಯರೂ ಕೂಗಿಕೊಳ್ಳುತ್ತಿದ್ದರು. ಮೇಸ್ತ್ರಿ ಮಾತ್ರ ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತಿದ್ದರು.

"ಉರೀತಾ ಇಲ್ವಾ ಮಾವ?"

ಅವರು ಇಲ್ಲವೆಂದು ತಲೆಯಾಡಿಸಿದರು.

"ಎಷ್ಟು ದಿನದಿಂದ?"

"ಕಾಲಿಗೆ ಹೋದ ವರ್ಷದಿಂದಾನೇ ಬಿಸಿ ಗೊತ್ತಾಗಲ್ಲ," ಎಂದರು. "ಕೈಗೆ ಈ ಬೇಸಿಗೆ ಮುಗಿಯೋ ಹೊತ್ತಿನಿಂದ. ಸಕ್ಕರೆ ಕಾಯಿಲೇಲಿ ಹಾಗಾಗುತ್ತಂತೆ. ಡಾಕ್ಟ್ರು ಮೊದಲೇ ಹೇಳಿದ್ರು."

ನೀರು ಹರಿಯುತ್ತಲೇ ಇತ್ತು. ಹರಿಯುವ ನೀರನ್ನು ನೋಡುತ್ತಿದ್ದಂತೆ ಅವಳಿಗೆ ಬಚ್ಚಲು ನೆನಪಾಯಿತು, ಗೀಸರ್ ನೆನಪಾಯಿತು, ಒಂಬತ್ತು ಗಂಟೆಯ ಕಿರುಚಾಟ ನೆನಪಾಯಿತು. ಕೇಳಲು ಭಯವಾದರೂ ಕೇಳಿದಳು.

"ಪುಟ್ಟಿ ಸ್ನಾನದ ನೀರು ಹೇಗೆ ನೋಡ್ತೀರಿ?"

"ನೋಡಲ್ಲಮ್ಮ."

"ನೋಡಲ್ಲ ಅಂದ್ರೆ?"

"ಗೀಸರ್ ಹಾಕೋದೇ ಇಲ್ಲ. ತಣ್ಣೀರಲ್ಲೇ ಮಾಡಿಸ್ತೀನಿ."

ಒಮ್ಮೆ ಮಾತು ಹೊರಬಿದ್ದ ಮೇಲೆ ಅವರು ನಿಲ್ಲಿಸಲಿಲ್ಲ. ಬೇಸಿಗೆಯ ಕೊನೆಯಲ್ಲಿ ಒಂದು ದಿನ ಎಂದಿನಂತೆ ಬಕೆಟ್ಟಿಗೆ ಕೈಯದ್ದಿ, ಹದವಾಗಿದೆ ಎಂದುಕೊಂಡು ಒಂದು ಚೊಂಬು ಹಾಕಿದ್ದರು. ಮಗುವಿನ ಪಾದ ಕೆಂಪಗಾಗಿಹೋಯಿತು. ಗುಳ್ಳೆ ಏಳಲಿಲ್ಲ, ಸಂಜೆಯ ಹೊತ್ತಿಗೆ ಇಳಿದಿತ್ತು, ಯಾರಿಗೂ ಗೊತ್ತಾಗಲಿಲ್ಲ. ಅಂದಿನಿಂದ ಬಿಸಿನೀರನ್ನು ಮಗುವಿನ ಹತ್ತಿರ ತಂದಿರಲಿಲ್ಲ. ಚಳಿ ಬಂದಂತೆ ಮಗು ಅರಚುತ್ತಿತ್ತು. ಎದೆ ಗಟ್ಟಿ ಮಾಡಿಕೊಂಡು ಎರಡೇ ಚೊಂಬು ಹಾಕಿ, ಒರೆಸಿ, ತಮ್ಮ ಅಂಗಿಯೊಳಗೆ ಸೇರಿಸಿಕೊಂಡು ಕೂರುತ್ತಿದ್ದರು.

"ಹಾಲು?" ಎಂದಳು ಸೊಸೆ.

"ತುಟಿಗೆ ಇಟ್ಟು ನೋಡ್ತೀನಿ. ತುಟಿ ಇನ್ನೂ ಸರಿಯಾಗಿದೆ."

"ನನಗೆ ಯಾಕೆ ಹೇಳಲಿಲ್ಲ ಮಾವ? ನಾಲ್ಕು ನೆಗಡಿ. ನಾನು ನಿಮ್ಮನ್ನ ಏನೇನು ಅಂದ್ಕೊಂಡೆ ಗೊತ್ತಾ?"

"ಹೇಳಿದ್ರೆ ನೀನು ಕೆಲಸ ಬಿಡ್ಬೇಕಾಗ್ತಿತ್ತು," ಎಂದರು ಮೇಸ್ತ್ರಿ. ಆಮೇಲೆ ತಗ್ಗಿದ ದನಿಯಲ್ಲಿ, "ನಾನೂ ಬಿಡ್ಬೇಕಾಗ್ತಿತ್ತು," ಎಂದರು. "ಕೇಕು ಸುಟ್ರೆ ಯಾರಿಗೂ ಗಾಯ ಆಗಲ್ಲ. ಅದಕ್ಕೇ ಮತ್ತೆ ಮತ್ತೆ ಮಾಡಿ ನೋಡ್ತಿದ್ದೆ. ಒಂದು ದಿನ ಎಂಟಕ್ಕೆ ಸರಿಯಾಗಿ ಕೈ ಸುಡಬಹುದು ಅಂತ."

ಸೊಸೆಗೆ ಬಯ್ಯಬೇಕೋ ಅಳಬೇಕೋ ತಿಳಿಯಲಿಲ್ಲ. ಮಗುವನ್ನು ಸುಡದಿರಲು ನಡುಗಿಸಿದ ಮನುಷ್ಯನಿಗೆ ಏನು ಹೇಳುವುದು? ಅವಳು ಅತ್ತಳು, ಅಳುತ್ತಲೇ ಮುಲಾಮು ಹಚ್ಚಿ ಬಟ್ಟೆ ಸುತ್ತಿದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ದೊಡ್ಡವಳು ಮೆಲ್ಲಗೆ ಒಳಬಂದು, ನಾಬಿನ ಅಂಕಿ ನೋಡಿ ಓವನ್ ಹಚ್ಚಿ, ಕಲಸಿಟ್ಟ ಕೇಕನ್ನು ಒಳಗಿಟ್ಟಳು. ಅದು ಚೆನ್ನಾಗಿಯೇ ಬಂತು. ಮುಕ್ಕಾಲು ಪಾಲು ಮಹಡಿ ಹತ್ತಿತು, ನೀರಿನ ಮೋಟರು ಆ ಸಂಜೆಯೇ ಓಡಿತು. ಉಳಿದ ಕಾಲು ಭಾಗ ಮೇಜಿನ ಮೇಲೆ ಇತ್ತು, ಪುಟ್ಟಿಯ ಹೊರತು ಯಾರೂ ಮುಟ್ಟಲಿಲ್ಲ.

ಗಂಡನಿಗೆ ವಿಷಯ ತಿಳಿದಾಗ ಅವನು ಮೊದಲು ಅಪ್ಪನ ಮೇಲೆ ಕೂಗಾಡಿದ. ಆಮೇಲೆ ಹೆಂಡತಿಯ ಮೇಲೆ, ಆಮೇಲೆ ಯಾರೂ ಸಿಗದೆ ಡಾಕ್ಟರ ಮೇಲೆ. ಕಡೆಗೆ ಅವನು ಮೊದಲೇ ಆಡಿದ್ದ ಮಾತಿಗೇ ಬಂದು ನಿಂತ. ಅಪ್ಪ ಅಕ್ಕನ ಮನೆಗೆ ಹೋಗಲಿ, ಹೆಂಡತಿ ಕೆಲಸ ಬಿಡಲಿ. ಮೇಸ್ತ್ರಿ ತಮ್ಮ ಎರಡು ಜೊತೆ ಬಟ್ಟೆಯನ್ನು ಚೀಲಕ್ಕೆ ತುಂಬತೊಡಗಿದರು. ಸುತ್ತಿದ ಕೈಗೆ ಚೀಲದ ಜಿಪ್ಪು ಸಿಗುತ್ತಿರಲಿಲ್ಲ.

ಸೊಸೆ ಚೀಲವನ್ನು ತೆಗೆದು ಮಂಚದ ಕೆಳಗೆ ನೂಕಿದಳು. "ಯಾರೂ ಎಲ್ಲಿಗೂ ಹೋಗಲ್ಲ," ಎಂದಳು. "ನಾನೂ ಕೆಲಸ ಬಿಡಲ್ಲ. ಸ್ನಾನ ಬೆಳಿಗ್ಗೇನೇ ಆಗ್ಬೇಕು ಅಂತ ಯಾರು ಹೇಳಿದ್ದು? ಸಂಜೆ ಬಂದು ನಾನೇ ಮಾಡಿಸ್ತೀನಿ. ಊಟ ಬೆಚ್ಚಗೆ ಡಬ್ಬೀಲಿ ಹಾಕಿಟ್ಟು ಹೋಗ್ತೀನಿ. ಆದ್ರೆ ಮಾವ, ನೀವು ಒಬ್ಬರೇ ಇದ್ದಾಗ ಒಲೆ ಹಚ್ಚಬಾರದು. ಹಾಲು ಕಾಯಿಸೋಕೂ ಹಚ್ಚಬಾರದು."

"ಆಮೇಲೆ ಏನಾದ್ರೂ ಆದ್ರೆ?" ಎಂದ ಗಂಡ.

"ಆದ್ರೆ ನನ್ನ ಮೇಲೆ ಬರಲಿ. ಇವತ್ತಿನವರೆಗೆ ಈ ಮನೇಲಿ ಯಾವುದು ನಿಮ್ಮ ಮೇಲೆ ಬಂದಿದೆ?"

ಗಂಡ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಒಪ್ಪಿದ ಎಂದಲ್ಲ, ಬೇರೆ ದಾರಿ ಅವನಿಗೂ ಕಾಣಲಿಲ್ಲ. ಮೇಸ್ತ್ರಿ ಮಂಚದ ಅಂಚಿನಲ್ಲಿ ಕೂತೇ ಇದ್ದರು. ಒಲೆ ಹಚ್ಚಬಾರದು ಎಂಬ ಮಾತನ್ನು ಮೂವತ್ತೆಂಟು ವರ್ಷದಲ್ಲಿ ಅವರಿಗೆ ಯಾರೂ ಹೇಳಿರಲಿಲ್ಲ. ಹೂಂ ಎಂದರೋ ಇಲ್ಲವೋ ಸೊಸೆಗೆ ಕೇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ಅವಳು ಡಬ್ಬಿಗಳನ್ನು ಜೋಡಿಸಿ, ಮಲಗಿದ್ದ ಮಗುವಿನ ಹಣೆ ಮುಟ್ಟಿ, ಬಾಗಿಲಿಗೆ ಬಂದಳು. ಮನೆಯಲ್ಲಿ ಎಲ್ಲರೆದುರು ಹೇಳಿದ ಧೈರ್ಯ ಹೊಸ್ತಿಲಲ್ಲಿ ಕೈಕೊಟ್ಟಿತು. ಮೂವತ್ತೆಂಟು ವರ್ಷದ ಅಭ್ಯಾಸ ಒಂದು ರಾತ್ರಿಯಲ್ಲಿ ಹೋಗುತ್ತದೆಯೇ? ಮಗು ಅತ್ತರೆ, ಹಾಲು ಆರಿದ್ದರೆ, ಕೈ ತಾನಾಗಿಯೇ ಒಲೆಯ ಕಡೆ ಹೋದರೆ?

ಮೇಸ್ತ್ರಿ ಅಡುಗೆಮನೆಯಲ್ಲಿದ್ದರು. ಟಕ್ ಟಕ್ ಎಂದು ಏನೋ ಕೀಳುತ್ತಿದ್ದ ಸದ್ದಾಯಿತು. ಹೊರಬಂದವರು ಒಂದು ಬಟ್ಟೆಯ ಗಂಟನ್ನು ಅವಳ ಮುಂದೆ ಹಿಡಿದರು. ಒಳಗೆ ಒಲೆಯ ನಾಲ್ಕು ನಾಬು, ಓವನ್ನಿನದೊಂದು.

"ಚೀಲದಲ್ಲಿ ಇಟ್ಕೊಂಡು ಹೋಗಮ್ಮ," ಎಂದರು. "ನನ್ನ ಮೇಲೆ ನಿನಗೆ ನಂಬಿಕೆ ಇರಬಹುದು. ನನಗೆ ಇಲ್ಲ."

ಅವಳು ಬೇಡ ಎನ್ನಬೇಕೆಂದುಕೊಂಡಳು. ಆದರೂ ಗಂಟನ್ನು ತೆಗೆದುಕೊಂಡು ಬಸ್ಸಿಗೆ ಹೋದಳು.

ಅಂದು ಲಾಂಡ್ರಿಯಲ್ಲಿ ಯಾವ ಗಾಡಿಯೂ ತಪ್ಪು ವಾರ್ಡಿಗೆ ಹೋಗಲಿಲ್ಲ. ಹನ್ನೊಂದಕ್ಕೆ ಫೋನು ಮಾಡಿದಳು. ಪುಟ್ಟಿ ಊಟ ಮಾಡಿದ್ದಾಳೆ, ನೀನು ಗಳಿಗೆಗೊಮ್ಮೆ ಫೋನು ಮಾಡಿದರೆ ಅಲ್ಲಿ ಕೆಲಸ ನೋಡುವವರು ಯಾರು ಎಂದು ಮೇಸ್ತ್ರಿ ಗದರಿದರು. ಎರಡಕ್ಕೆ ಮತ್ತೆ ಮಾಡಬೇಕೆನಿಸಿತು, ಮಾಡಲಿಲ್ಲ.

ಸಂಜೆ ಅವಳು ಬಂದಾಗ ಮಗುವಿಗೆ ಎರಡು ಸ್ವೆಟರ್ ಹಾಕಿ, ತಲೆಗೆ ಟೋಪಿ ಇಟ್ಟು, ಹೊರಡಲು ಸಿದ್ಧವಾಗಿ ತಾತ ಮೊಮ್ಮಗಳು ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಮೇಸ್ತ್ರಿ ಗಾಯವಿಲ್ಲದ ಕೈ ಚಾಚಿದರು. ಅವಳು ಗಂಟು ಬಿಚ್ಚಿ ನಾಬುಗಳನ್ನು ಅಂಗೈಗೆ ಸುರಿದಳು. ಕೈಗೆ ಎಷ್ಟು ಬಿದ್ದವೆಂದು ಅವರಿಗೆ ತಿಳಿಯಲಿಲ್ಲ. ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಒಂದೊಂದನ್ನೇ ನೋಡಿ ಎಣಿಸಿದರು.

"ಐದೂ ಇವೆ," ಎಂದು ಅವಳಿಗೇ ಹಿಂದಿರುಗಿಸಿದರು. "ನೀನು ಒಲೆ ಹಚ್ಚು. ಅಷ್ಟು ಹೊತ್ತು ನಾವಿಬ್ಬರೂ ಬೀದಿ ಕೊನೆವರೆಗೆ ಹೋಗಿ ಬರ್ತೀವಿ."

ಒಲೆ ಉರಿಯುವಾಗ ಮೇಸ್ತ್ರಿ ಅಡುಗೆಮನೆ ಬಿಟ್ಟು ಹೊರಗೆ ಹೋದದ್ದನ್ನು ಅವಳು ಈ ಮನೆಗೆ ಬಂದಮೇಲೆ ಕಂಡಿರಲಿಲ್ಲ. ಮಗು ಅವರ ಎರಡು ಬೆರಳು ಹಿಡಿದಿತ್ತು. ಹಿಡಿದದ್ದು ಅವರಿಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೇ ಹೆಜ್ಜೆಗೊಮ್ಮೆ ಬಗ್ಗಿ ನೋಡುತ್ತ ನಡೆದರು.